ಒಂದು ‘ಹೌದು’ ತರಲು ಕಾರವಾರಕ್ಕೆ

ಸಮುದ್ರ ದಾಟಿ ಹೋಗಿಬಂದವರು ಪ್ರವಾಸದ ಪುಸ್ತಕ ಬರೆಯುತ್ತಾರೆ. ನಾನು ಸಮುದ್ರ ದಾಟಲಿಲ್ಲ. ಅದರ ದಂಡೆಯ ತನಕ ಹೋಗಿ ಕಾಲು ತೊಳೆದುಕೊಂಡು ಬಂದೆ. ಆದರೂ ಹೋದದ್ದು ಪರದೇಶಕ್ಕೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹರಿಹರದ ಹೊಳೆಗೆ ನಮ್ಮ ಮಹಾರಾಜರ ಸೀಮೆ ಮುಗಿಯುತ್ತದೆ. ಆಚೆಗೆ ಮುಂಬಯಿ ಪ್ರಾಂತ, ಇಂಗ್ಲಿಷರ ಆಳ್ವಿಕೆ. ಅಲ್ಲಿ ಗುಮಾಸ್ತನಿಗೆ ಕಾರಕೂನ ಎನ್ನುತ್ತಾರೆ, ಮೇಷ್ಟರಿಗೆ ಮಾಸ್ತರ ಎನ್ನುತ್ತಾರೆ. ನಾವು ಉತ್ತರ ಎಂದು ಕರೆಯುವ ಪದಾರ್ಥಕ್ಕೆ ಮಾತ್ರ ಅಲ್ಲಿ ಇನ್ನೂ ಹೆಸರಿಟ್ಟಿಲ್ಲ.

ನಾನು ತುಮಕೂರಿನ ಒಂದು ಮಿಡಲ್ ಸ್ಕೂಲಿನಲ್ಲಿ ಲೆಕ್ಕದ ಮೇಷ್ಟರು. ಏಳೆಂಟಲ ಎಷ್ಟು ಎಂದರೆ ಐವತ್ತಾರು ಎನ್ನಬೇಕು. ‘ನಿಮ್ಮ ಊಟ ಆಯಿತೇ ಸಾರ್’ ಎನ್ನುವ ಹುಡುಗನನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತೇನೆ. ಇಂಥ ನನಗೆ ದೇವರು ಒಂದು ಸಂಬಂಧ ತೋರಿಸಿದ. ನಮ್ಮ ಅಜ್ಜನ ಕಾಲಕ್ಕೆ ನಾವು ಅಂಕೋಲೆಯ ಕಡೆಯಿಂದ ಘಟ್ಟ ಹತ್ತಿ ಬಂದವರು. ಆ ಹಳೆಯ ಬಳಗದಲ್ಲೇ ನನ್ನ ತಂಗಿ ಲಲಿತೆಗೆ ಒಬ್ಬ ವರನಿದ್ದಾನೆ ಎಂದು ಯಾರೋ ಹೇಳಿದರು. ಹುಡುಗ ಶಂಕರ, ಕಾರವಾರದ ಕಚೇರಿಯೊಂದರಲ್ಲಿ ಕಾರಕೂನ. ತಂದೆ ವೆಂಕಣ್ಣನವರು, ಅಮದಳ್ಳಿಯಲ್ಲಿ ಗದ್ದೆ ಮಾಡಿಕೊಂಡಿರುವವರು. ಜಾತಕ ಕಳಿಸಿದೆ. ಎಂಟು ತಿಂಗಳಲ್ಲಿ ಐದು ಕಾಗದ ಬಂದವು. ಮೊದಲನೆಯದರಲ್ಲಿ ಮಳೆ ಚೆನ್ನಾಗಿ ಆಯಿತೆಂದಿತ್ತು, ಎರಡನೆಯದರಲ್ಲಿ ಆಕಳು ಈದಿತ್ತು, ಐದನೆಯದರಲ್ಲಿ ಆ ಕರು ಹುಲ್ಲು ತಿನ್ನತೊಡಗಿತ್ತು. ಲಲಿತೆಯ ವಿಷಯ ಯಾವುದರಲ್ಲೂ ಇರಲಿಲ್ಲ.

ನಮ್ಮ ತಂದೆ ತೀರಿಹೋದ ಮೇಲೆ ಅವಳ ಮದುವೆ ನನ್ನ ತಲೆಯ ಮೇಲೆ ಬಿದ್ದ ಕೆಲಸ. ಬೇಸಿಗೆ ರಜೆ ಬಂದೊಡನೆ ನಮ್ಮ ತಾಯಿ, “ಹೋಗಿ ಹೌದೋ ಅಲ್ಲವೋ ಕೇಳಿಕೊಂಡು ಬಾ. ಎರಡರಲ್ಲಿ ಒಂದನ್ನು ತಂದರೆ ಮಾತ್ರ ಒಳಗೆ ಬಾ” ಎಂದು ಅವಲಕ್ಕಿಯ ಗಂಟು ಕೈಗಿಟ್ಟಳು. ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ಅವಲಕ್ಕಿ ಯಾಕೆ ಎಂದುಕೊಂಡೆ.

ಸುಂಕಸಾಳ

ಹುಬ್ಬಳ್ಳಿಯಲ್ಲಿ ಹತ್ತಿದ ಸರ್ವಿಸ್ ಮೋಟಾರು ಯಲ್ಲಾಪುರ ದಾಟಿ, ಘಟ್ಟ ಇಳಿದು, ಸುಂಕಸಾಳದಲ್ಲಿ ಹೊಗೆ ಉಗುಳಿ ನಿಂತಿತು. ಡ್ರೈವರು ಇಳಿದು, ಮುಂದಿನ ಮುಚ್ಚಳ ತೆಗೆದು, ಒಳಗೆ ಇಣುಕಿ ನೋಡಿ, ಬೀಡಿ ಹಚ್ಚಿದ. ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಕೇಳಿದೆ.

“ರಾಯ್ರೇ, ಒಂದ್ ಚಾ ಕುಡ್ಕಂಡ್ ಬನ್ನಿ” ಎಂದ.

ಚಹಾ ಕುಡಿದು ಬಂದು ಮತ್ತೆ ಕೇಳಿದೆ. ಈ ಊರಿನ ಹೊಳೆಯ ನೀರು ಬಹಳ ತಂಪು, ಮುಖ ತೊಳೆದು ಬನ್ನಿ ಎಂದ. ಮುಖ ತೊಳೆದು ಬಂದೆ. ಊಟಕ್ಕೆ ಇಂಥ ಮನೆಯಲ್ಲಿ ಒಳ್ಳೆಯ ವ್ಯವಸ್ಥೆ ಇದೆ ಎಂದ. ಆಗ ಜೊತೆಯ ಪ್ರಯಾಣಿಕರೆಲ್ಲ ಎದ್ದು ತಮ್ಮ ತಮ್ಮ ಗಂಟು ಇಳಿಸಿಕೊಂಡರು. ನನಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿದ್ದ ಮುದುಕನೊಬ್ಬ ಕನಿಕರಪಟ್ಟು ಬಿಡಿಸಿ ಹೇಳಿದ: ಚಹಾ ಎಂದರೆ ಒಂದು ತಾಸು, ಹೊಳೆ ಎಂದರೆ ಎರಡು ತಾಸು, ಊಟ ಎಂದರೆ ಇವತ್ತು ಈ ಗಾಡಿ ಏಳುವುದಿಲ್ಲ. ಹಾಗಾದರೆ ಕೆಟ್ಟಿದೆ ಎಂದು ಮೊದಲೇ ಹೇಳಬಹುದಿತ್ತಲ್ಲ ಎಂದೆ. ಪಾಪ, ಅವನ ಗಾಡಿಗೆ ಅವನೇ ಹಾಗೆ ಹೇಳುವುದು ಹೇಗೆ ಎಂದು ಮುದುಕ ಕೇಳಿದ.

ನಮ್ಮ ಕಡೆಯಾಗಿದ್ದರೆ ಡ್ರೈವರು ಗಾಡಿಯನ್ನೂ ಅದರ ಮಾಲೀಕನನ್ನೂ ಮಾಲೀಕನ ತಾತನನ್ನೂ ಬೈದು, ಎಲ್ಲರನ್ನೂ ಇಳಿಸಿ, ಐದು ನಿಮಿಷದಲ್ಲಿ ವಿಷಯ ಮುಗಿಸುತ್ತಿದ್ದ. ಆ ಬೈಗಳನ್ನು ನೆನೆದು ನನಗೆ ಊರಿನ ಮೇಲೆ ತುಂಬ ಪ್ರೀತಿ ಬಂತು. ಸಾಯಂಕಾಲ ಉಪ್ಪಿನ ಚೀಲದ ಗಾಡಿಯೊಂದು ಇಳಿದುಬಂದು ನನ್ನನ್ನು ಅಂಕೋಲೆಗೆ ಮುಟ್ಟಿಸಿತು.

ಅಂಕೋಲೆ

ಹೆಣ್ಣು ಕೊಡುವ ಮನೆಯ ಬಗ್ಗೆ ನಾಲ್ಕು ಜನರಲ್ಲಿ ವಿಚಾರಿಸಬೇಕು ಎಂಬುದು ಎಲ್ಲ ಕಡೆಯೂ ಇರುವ ಪದ್ಧತಿ. ಅಮದಳ್ಳಿ ಅಂಕೋಲೆಗೆ ದೂರವಲ್ಲ. ವಾರದ ಸಂತೆಗೆ ಅವರೆಲ್ಲ ಬರುವ ಊರು. ಹಾಗಾಗಿ ಬೆಳಿಗ್ಗೆ ಎದ್ದು, ಕೋಟು ಹಾಕಿ, ಪೇಟ ಸುತ್ತಿ, ಜೇಬಿನಲ್ಲಿ ಒಂದು ಪುಸ್ತಕ ಪೆನ್ಸಿಲು ಇಟ್ಟುಕೊಂಡು ಪೇಟೆಗೆ ಹೊರಟೆ. ಅಮದಳ್ಳಿಯ ವೆಂಕಣ್ಣನವರು ಹೇಗೆ, ಗದ್ದೆ ಎಷ್ಟು, ಮನೆಯಲ್ಲಿ ಎಷ್ಟು ಜನ, ಇಷ್ಟೇ ನನ್ನ ಪ್ರಶ್ನೆ.

ಬಟ್ಟೆ ಅಂಗಡಿಯವನು ಈ ಸಲ ಸೆಖೆ ಜಾಸ್ತಿ ಎಂದ. ತೆಂಗಿನಕಾಯಿ ಮಾರುವವನಿಗೆ ಅಮದಳ್ಳಿ ಎಂಬ ಊರು ಇರುವ ಸುದ್ದಿಯೇ ತಿಳಿದಿರಲಿಲ್ಲ. ಅವನ ಕಾಯಿಗಳು ಬಂದದ್ದು ಅಲ್ಲಿಂದಲೇ ಎಂದು ಆಮೇಲೆ ಗೊತ್ತಾಯಿತು. ಮಾವಿನಹಣ್ಣಿನ ಹೆಂಗಸು ಮಾತಾಡದೆ ಒಂದು ಇಶಾಡದ ಹಣ್ಣು ಕೊಯ್ದು ನನ್ನ ಬಾಯಿಗೆ ಕೊಟ್ಟಳು. ಬಾಯಲ್ಲಿ ಆ ಹಣ್ಣು ಇದ್ದಷ್ಟು ಹೊತ್ತು ಯಾರಿಗೂ ಪ್ರಶ್ನೆ ಕೇಳಲಾಗದು. ನಾನು ಬರೆದುಕೊಳ್ಳಲು ಪುಸ್ತಕ ತೆಗೆದದ್ದೇ ತಡ, ಸುತ್ತ ನಿಂತಿದ್ದವರಿಗೆಲ್ಲ ಬೇರೆ ಕಡೆ ಕೆಲಸ ನೆನಪಾಯಿತು.

ನಾನು ಇಳಿದುಕೊಂಡಿದ್ದ ಖಾನಾವಳಿಯ ಯಜಮಾನ ಮಧ್ಯಾಹ್ನ ಅನ್ನ ಬಡಿಸುತ್ತ ಮೆಲ್ಲನೆ ಕೇಳಿದ, “ಮಾಸ್ತರ್ರೆ, ಆ ಕೋಟು ತೆಗೆದಿಟ್ರೆ ಸೆಖೆ ಕಮ್ಮಿ ಆಗೂದಿಲ್ವಾ?”

ಸೆಖೆಗೆ ಹೆದರುವವನಲ್ಲ ನಾನು ಎಂದೆ. ಅವನು ಇನ್ನೊಂದು ಸೌಟು ಸಾರು ಹಾಕಿ, ಗೋಡೆಯ ಕಡೆ ನೋಡುತ್ತ, ಯಾರದೋ ಕಥೆ ಎಂಬಂತೆ ಹೇಳಿದ. ಎರಡು ವರ್ಷದ ಹಿಂದೆ ಈ ಸೀಮೆಯವರು ಸರಕಾರಕ್ಕೆ ಕರ ಕೊಡುವುದಿಲ್ಲ ಎಂದು ನಿಂತಾಗ, ಕೋಟು ಹಾಕಿಕೊಂಡು ಪುಸ್ತಕ ಹಿಡಿದುಕೊಂಡು ಕೆಲವರು ಬಂದಿದ್ದರಂತೆ. ಅವರೂ ಸುಲಭದ ಪ್ರಶ್ನೆಗಳನ್ನೇ ಕೇಳಿದ್ದರಂತೆ: ಇಂಥವರ ಮನೆ ಯಾವುದು, ಗದ್ದೆ ಎಷ್ಟು, ಕೊಟ್ಟಿಗೆಯಲ್ಲಿ ದನ ಎಷ್ಟು. ಉತ್ತರ ಸಿಕ್ಕ ಮನೆಗಳಿಗೆ ಮರುದಿನ ಜಪ್ತಿಯವರು ಬಂದು ಪಾತ್ರೆ, ದನ, ಗದ್ದೆ ಎಲ್ಲ ಬರೆದುಕೊಂಡು ಹೋದರಂತೆ.

ನನ್ನನ್ನು ಸರಕಾರದವನೆಂದು ತಿಳಿದಿದ್ದರು. ಜೀವಮಾನದಲ್ಲಿ ನನ್ನ ಸ್ವಂತ ಹೆಡ್‌ಮೇಷ್ಟರು ಕೂಡ ನನಗೆ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಕೋಟು ನನ್ನ ಭಾವಮೈದುನನದು, ಸಂಬಂಧ ನೋಡಲು ಎರವಲು ತಂದದ್ದು ಎಂದು ಹೇಳೋಣ ಎಂದುಕೊಂಡೆ, ನಾಚಿಕೆ ಬಿಡಲಿಲ್ಲ. ಕೋಟು ಮಡಿಸಿ ಚೀಲಕ್ಕೆ ಹಾಕಿದೆ. ಇದು ಇಷ್ಟು ಸರಿ, ಆದರೆ ಸುಂಕಸಾಳದ ಡ್ರೈವರನ ಕೊಟ್ಟಿಗೆಗೆ ಯಾರು ಜಪ್ತಿ ತಂದಿದ್ದರು ಎಂದು ನನ್ನನ್ನು ನಾನೇ ಕೇಳಿಕೊಂಡು ಸಮಾಧಾನಪಟ್ಟೆ.

ಕಾರವಾರ

ಮೊದಲು ಹುಡುಗನನ್ನೇ ನೋಡಿಬಿಡೋಣ ಎಂದು ಕಾರವಾರಕ್ಕೆ ಹೋದೆ. ಶಂಕರ ಒಳ್ಳೆಯ ಹುಡುಗ. ಕಚೇರಿಯಲ್ಲಿ ಎಲ್ಲರ ಜೊತೆ ಕೊಂಕಣಿ ಮಾತಾಡುತ್ತಿದ್ದ, ಸಾಹೇಬರ ಸಿಪಾಯಿಯ ಜೊತೆ ಮರಾಠಿ, ನನ್ನ ಜೊತೆ ಕನ್ನಡ. ನಾನು ಅಲ್ಲಿ ಕೂತ ಅರ್ಧ ತಾಸಿನಲ್ಲಿ ಮೂರು ಜನ ಅವನನ್ನು ಮೂರು ಕೆಲಸ ಕೇಳಿದರು. ಒಬ್ಬನಿಗೆ “ಪಳೊವ್ಯಾಂ” ಎಂದ, ಒಬ್ಬನಿಗೆ “ಬಘೂಯಾ” ಎಂದ, ಒಬ್ಬನಿಗೆ “ನೋಡ್ವಾ” ಎಂದ. ಮೂರೂ ಒಂದೇ, ನೋಡೋಣ ಎಂದರ್ಥ. ಮೂರು ಭಾಷೆ ಕಲಿತು ಮನುಷ್ಯ ಒಂದೇ ಮಾತು ಆಡುವುದನ್ನು ನಾನು ಅದೇ ಮೊದಲು ನೋಡಿದ್ದು.

ಕಚೇರಿ ಬಿಟ್ಟ ಮೇಲೆ ನನ್ನನ್ನು ಕಡಲ ದಂಡೆಗೆ ಕರೆದುಕೊಂಡು ಹೋದ. ಮರಳಿನ ಮೇಲೆ ಕೂರಿಸಿ, ಶೇಂಗಾ ಕೊಡಿಸಿದ. ನಾನು ಸುತ್ತಿ ಬಳಸದೆ ಕೇಳಿದೆ: “ಶಂಕರ, ಈ ಸಂಬಂಧ ನಿಮಗೆ ಒಪ್ಪಿಗೆಯೇ?”

ಅವನು ಕಡಲಿನ ನಡುವಿನ ದ್ವೀಪವೊಂದರ ಕಡೆ ಕೈ ತೋರಿಸಿ, “ಅದು ದೇವಗಡ. ಅಲ್ಲಿ ಹಡಗಿನವರಿಗೆ ದಾರಿ ತೋರ್ಸೂಕೆ ದೀಪ ಅದೆ” ಎಂದ.

ದೀಪ ಬಹಳ ಚೆನ್ನಾಗಿದೆ, ಒಪ್ಪಿಗೆಯೇ ಎಂದೆ. ಕೆಂಪಾಗಿ, ಅಪ್ಪನನ್ನು ಕೇಳಿ ಎಂದ. ಅಪ್ಪನಿಗೆ ಏನೆನಿಸುತ್ತದೆ ಎಂದೆ. ಅಪ್ಪನಿಗೆ ಅಕ್ಕ ಒಬ್ಬರಿದ್ದಾರೆ, ಅವರು ಹೇಳಿದ್ದನ್ನು ಅಪ್ಪ ಮೀರುವುದಿಲ್ಲ ಎಂದ. ಕಚೇರಿಯ ಕಾಗದ ಒಂದು ಮೇಜಿನಿಂದ ಮೇಲಿನ ಮೇಜಿಗೆ ಹತ್ತುವುದು ನಮ್ಮಲ್ಲೂ ಇದೆ. ಇಲ್ಲಿ ಮದುವೆಯ ಗಂಡೂ ಹಾಗೇ ಹತ್ತುತ್ತಾನೆ.

ಅಮದಳ್ಳಿ

ಮರುದಿನ ಎತ್ತಿನ ಗಾಡಿಯೊಂದರಲ್ಲಿ ಹೊರಟೆ. ಗಾಡಿಯವನು ಅರ್ಗಾದಲ್ಲಿ ನನ್ನನ್ನು ಇಳಿಸಿದ. ಅಲ್ಲಿಂದ ಅಮದಳ್ಳಿ ಎಷ್ಟು ದೂರ ಎಂದು ಕೇಳಿದವರೆಲ್ಲ “ಇಲ್ಲೇ ಮುಂದೆ” ಎಂದರು. ಆ ಇಲ್ಲೇ ಮುಂದೆಯನ್ನು ನಾನು ಎರಡು ತಾಸು ನಡೆದೆ.

ಊರೊಳಗೆ ಒಂದು ಅಂಗಳದಲ್ಲಿ ಹೆಂಗಸೊಬ್ಬರು ಮುರುಗಲ ಹಣ್ಣಿನ ಸಿಪ್ಪೆ ಒಣಹಾಕುತ್ತಿದ್ದರು. ಇದು ಯಾರ ಮನೆ ಎಂದು ಕೇಳಿದೆ. “ಮಕ್ಳ ಅಪ್ಪಂದು” ಎಂದರು. ಅದು ನನಗೂ ಹೊಳೆದಿತ್ತು. ಅವರ ಹೆಸರೇನು ಎಂದೆ. ಸಿಪ್ಪೆ ಹರಡತೊಡಗಿದರು. ವೆಂಕಣ್ಣನವರ ಮನೆ ಯಾವುದಮ್ಮ ಎಂದೆ. ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿಬಿಟ್ಟರು. ಮುಂದಿನ ಮೂರು ಮನೆ ಸುತ್ತಿದ ಮೇಲೆ ಒಬ್ಬರು ನನ್ನನ್ನು ಕರೆತಂದು ಅದೇ ಅಂಗಳದಲ್ಲಿ ನಿಲ್ಲಿಸಿದರು. ಗಂಡನ ಹೆಸರನ್ನು ಹೆಂಡತಿ ಹೇಳುವುದಿಲ್ಲವಂತೆ. ನನ್ನ ಹೆಂಡತಿಯೂ ಹೇಳುವುದಿಲ್ಲ. ಖಾನೇಷುಮಾರಿಯವರು ಜನ ಎಣಿಸಲು ಬಂದಾಗ ಪಕ್ಕದ ಮನೆಯವರನ್ನು ಕೂಗಿ ಹೇಳಿಸಿದಳು. ಆದರೆ ಅದು ಸಂಪ್ರದಾಯ. ಇದು ಬಿಸಿಲಿನಲ್ಲಿ ಬಂದವನನ್ನು ಊರು ಸುತ್ತಿಸುವುದು.

ಬೆಲ್ಲ, ನೀರು ಬಂತು. ಆಮೇಲೆ ಎಳನೀರು, ಆಮೇಲೆ ಊಟ, ಆಮೇಲೆ ಮಲಗಲು ಚಾಪೆ. ವೆಂಕಣ್ಣನವರು ಇಷ್ಟು ಪ್ರೀತಿಯಿಂದ ಉಪಚಾರ ಮಾಡಿದರು ಎಂದರೆ, ಇದು ಆಗುವ ಸಂಬಂಧವಲ್ಲ ಎಂದು ಹೇಳಲು ಇಷ್ಟು ಕಷ್ಟಪಡುತ್ತಿದ್ದಾರೆಯೇ ಎಂದು ನನಗೆ ಹೆದರಿಕೆಯಾಯಿತು. ನಾನು ವಿಷಯ ತೆಗೆದಾಗಲೆಲ್ಲ ಅವರು ಎದ್ದು ಏನಾದರೂ ತೋರಿಸಿದರು. ಆ ಕಾಗದದಲ್ಲಿದ್ದ ಕರುವನ್ನು ತೋರಿಸಿದರು. ಅದು ನಿಜಕ್ಕೂ ಹುಲ್ಲು ತಿನ್ನುತ್ತಿತ್ತು.

ಎರಡನೆಯ ದಿನ ನಾನು ತಾಳ್ಮೆಗೆಟ್ಟು, ಇಲ್ಲ ಎಂದಾದರೂ ಹೇಳಿಬಿಡಿ ಎಂದೆ. ವೆಂಕಣ್ಣನವರಿಗೆ ನಾನು ಏನೋ ಆಡಬಾರದ ಮಾತು ಆಡಿದಂತೆ ನೋವಾಯಿತು.

“ಮಾಸ್ತರ್ರೆ, ಇಲ್ಲ ಅಂದ್ಬಿಟ್ರೆ ಮುಗೀತಲ್ಲ. ನಾಳೆ ಮತ್ತೆ ಮುಖ ನೋಡೂದು ಹೆಂಗೆ?”

ನಾಳೆ ನಾನು ತುಮಕೂರಿನಲ್ಲಿರುತ್ತೇನೆ, ಮುಖ ನೋಡುವ ಕಷ್ಟ ನಿಮಗಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಒಂದೇ ಬಾವಿಯ ನೀರು ಸೇದಿ, ಒಂದೇ ದಾರಿಯಲ್ಲಿ ಓಡಾಡುವವರು ಒಬ್ಬರಿಗೊಬ್ಬರು ಬಾಗಿಲು ಹಾಕಿಕೊಳ್ಳುವ ಮಾತನ್ನು ಇಟ್ಟುಕೊಂಡೇ ಇಲ್ಲ ಎಂದು ಕಾಣುತ್ತದೆ. ಇದು ಅವರ ಜಾಣತನವೋ ಪುಕ್ಕಲುತನವೋ ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ.

ಆಗ ಒಳಗಿನಿಂದ ಅವರ ಅಕ್ಕ ದೇವಮ್ಮ ಬಂದು ಜಗಲಿಯ ಕಂಬಕ್ಕೆ ಒರಗಿ ಕೂತರು. ಎಪ್ಪತ್ತರ ಹತ್ತಿರದ ವಿಧವೆ, ಕೈಯಲ್ಲಿ ಕೋಲು. ಹುಡುಗಿಗೆ ಎಷ್ಟು ವಯಸ್ಸು ಎಂದು ನನ್ನನ್ನು ಕೇಳಿದರು. ಲಲಿತೆಗೆ ಇಪ್ಪತ್ತು ತುಂಬಿ ನಾಲ್ಕು ತಿಂಗಳು. ಏಳೆಂಟಲ ಐವತ್ತಾರು ಎಂಬಷ್ಟೇ ಸ್ಪಷ್ಟವಾದ ಸಂಗತಿ. ನಾನು, ಮೊನ್ನೆ ಮೊನ್ನೆಯ ತನಕ ಲಂಗ ಉಟ್ಟುಕೊಂಡು ಓಡಾಡುತ್ತಿದ್ದಳು ಎಂದೆ. ಅಡುಗೆ ಬರುತ್ತದೆಯೇ ಎಂದರು. ನಮ್ಮ ತಾಯಿಯ ಕೈರುಚಿಗೆ ಊರಲ್ಲೇ ಹೆಸರಿದೆ ಎಂದೆ. ಓದಿದ್ದಾಳೆಯೇ ಎಂದರು. ಯಾವಾಗಲೂ ಪುಸ್ತಕ ಹಿಡಿದೇ ಇರುವವಳನ್ನು ಇಲ್ಲಿ ಮೆಚ್ಚುತ್ತಾರೋ ಇಲ್ಲವೋ ತಿಳಿಯದೆ, ರಾಮಾಯಣ ಓದುತ್ತಾಳೆ ಎಂದೆ. ಇದನ್ನು ಓದುಗರು ತಪ್ಪಿಸಿಕೊಳ್ಳುವುದು ಎಂದು ತಿಳಿಯಬಾರದು. ನಮ್ಮ ಸೀಮೆಯಲ್ಲಿ ಇದಕ್ಕೆ ವ್ಯವಹಾರಜ್ಞಾನ ಎನ್ನುತ್ತಾರೆ.

ದೇವಮ್ಮ ನನ್ನ ಉತ್ತರಗಳನ್ನೆಲ್ಲ ಅಡಿಕೆಯ ಜೊತೆ ಅಗಿದು, “ನಾಳೆ ದೇವ್ರ ಹತ್ರ ಪ್ರಸಾದ ಕೇಳ್ವಾ” ಎಂದರು. ಮೇಜುಗಳ ಸಾಲಿನಲ್ಲಿ ಕೊನೆಯ ಮೇಜು ಅದು.

ಗುಡಿ

ಗ್ರಾಮದೇವರ ಪೂಜೆ ಮಾಡುವವನಿಗೆ ಅಲ್ಲಿ ಗುನಗ ಎನ್ನುತ್ತಾರೆ. ಗುನಗ ಕೇಪಳದ ಹೂಗಳನ್ನು ನೀರಿನಲ್ಲಿ ಅದ್ದಿ, ದೇವರ ಕಲ್ಲಿನ ಎಡಕ್ಕೂ ಬಲಕ್ಕೂ ಒಂದೊಂದಾಗಿ ಅಂಟಿಸಿದ. ಬಲದ ಹೂ ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಅಲ್ಲ. ಕಾರವಾರ ಅಂಕೋಲೆಗಳ ನಡುವೆ ನೇರ ಉತ್ತರ ಕೊಡುವವನು ಈ ದೇವರೊಬ್ಬನೇ ಎಂದು ನನಗೆ ಆ ಕಲ್ಲಿನ ಮೇಲೆ ಭಕ್ತಿ ಉಕ್ಕಿತು. ಯಾರಿಗೂ ಯಾರೂ ಇಲ್ಲ ಎನ್ನಬೇಕಾಗಿಲ್ಲ. ಬೇಸರವಾದರೆ ಹೂವಿನ ಮೇಲೆ ಮಾಡಿಕೊಳ್ಳಬೇಕು.

“ಈ ಸಂಬಂಧ ಒಳ್ಳೇದಾದ್ರೆ ಬಲ್ದ ಪ್ರಸಾದ ಕೊಡಪ್ಪಾ” ಎಂದು ಗುನಗ ಕೂಗಿ ಕೇಳಿದ. ವೆಂಕಣ್ಣನವರು ಕೈ ಮುಗಿದು ನಿಂತರು. ನಾನು ಕಣ್ಣು ಮುಚ್ಚಲಿಲ್ಲ, ಲೆಕ್ಕದವನು, ನೋಡುತ್ತಲೇ ಇದ್ದೆ. ಬಹಳ ಹೊತ್ತು ಏನೂ ಆಗಲಿಲ್ಲ. ದೇವರಿಗೂ ಈ ಊರಿನ ಗಾಳಿ ತಗಲಿದೆಯೋ ಎಂದುಕೊಳ್ಳುವಷ್ಟರಲ್ಲಿ ಬಲದ ಹೂ ಜಾರಿತು.

ಎಲ್ಲರ ಮುಖ ಅರಳಿತು. ವೆಂಕಣ್ಣನವರು ನನ್ನ ಎರಡು ಕೈ ಹಿಡಿದುಕೊಂಡರು. ಆಗ ತಿಳಿಯಿತು, ಅವರಿಗೆ ಮೊದಲಿನಿಂದಲೂ ಈ ಸಂಬಂಧ ಮನಸ್ಸಿನಲ್ಲಿತ್ತು. ಎಲ್ಲಿ ನಾವು ಬೇಡವೆನ್ನುತ್ತೇವೋ ಎಂದು ಎಂಟು ತಿಂಗಳು ಕರುವಿನ ಹಿಂದೆ ಅಡಗಿದ್ದರು. ನನಗೂ ಕಣ್ಣು ಒದ್ದೆಯಾಯಿತು. ತಾಯಿಯ ಮುಂದೆ ‘ಹೌದು’ ಎಂದು ನಿಲ್ಲುವುದನ್ನು ಆಗಲೇ ಮನಸ್ಸಿನಲ್ಲಿ ಕಂಡೆ.

ಗಂಡಸರು ಮುಂದೆ ಹೋದರು. ದೇವಮ್ಮ ಕೋಲೂರಿಕೊಂಡು ಹಿಂದೆ ಬರುತ್ತಿದ್ದರು, ನಾನು ಅವರ ಜೊತೆ ನಡೆದೆ. ಗದ್ದೆಯ ಬದುವಿನ ಮೇಲೆ ನಿಂತು ಅವರು ನನ್ನನ್ನು ಒಂದು ಪ್ರಶ್ನೆ ಕೇಳಿದರು.

“ಹುಡ್ಗಿ ಎಂತ ಅಂದ್ಲು?”

ನಾನು ಹೆಮ್ಮೆಯಿಂದಲೇ ಹೇಳಿದೆ. ನಮ್ಮದು ಹಳೆಯ ಕಾಲದ ಮನೆಯಲ್ಲ, ಹೊರಡುವ ಮೊದಲು ಅವಳನ್ನೂ ಕೇಳಿಯೇ ಬಂದಿದ್ದೇನೆ, ಅವಳು ಬೇಡವೆನ್ನಲಿಲ್ಲ ಎಂದೆ. ಮತ್ತೆ ಏನು ಅಂದಳು ಎಂದರು. ಏನೂ ಇಲ್ಲ, ಅಲ್ಲಿಂದ ನಮ್ಮ ಊರಿಗೆ ಬರಲು ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿದಳು; ಮೋಟಾರು ಒಂದು ದಿನ, ರೈಲು ಒಂದು ದಿನ, ಒಟ್ಟು ಎರಡು, ಮಳೆಗಾಲದಲ್ಲಿ ಘಟ್ಟ ಕುಸಿದರೆ ಮೂರೋ ನಾಲ್ಕೋ ಎಂದು ಲೆಕ್ಕ ಹಾಕಿ ಹೇಳಿದೆ ಎಂದೆ. ಆಮೇಲೆ ಅವಳು ಏನೂ ಕೇಳಲಿಲ್ಲ.

ದೇವಮ್ಮ ಕೋಲಿನ ತುದಿಯಿಂದ ಬದುವಿನ ಮಣ್ಣು ಕೆದಕಿದರು.

“ಅವ್ಳು ಲೆಕ್ಕ ಕೇಳಿದ್ದಲ್ಲ, ಮಾಸ್ತರ್ರೆ” ಎಂದರು. “ನಮ್ಗೆಲ್ಲ ಯಾರೂ ಕೇಳ್ಲೇ ಇಲ್ಲ. ನೀವು ಕೇಳ್ದ್ರಿ. ಕೇಳಿ, ಅವ್ಳ ಉತ್ರ ಅಲ್ಲೇ ಬಿಟ್ಟು ಬಂದ್ರಿ.”

ಐದು ದಿನದಿಂದ ಊರೂರು ತಿರುಗಿ, ಡ್ರೈವರನನ್ನೂ ಅಂಗಡಿಯವರನ್ನೂ ಕಾರಕೂನನನ್ನೂ ಹಂಗಿಸುತ್ತ ಬಂದವನು ನಾನು. ನನ್ನ ಮನೆಯಲ್ಲಿ, ನನ್ನ ಎದುರಿಗೆ, ಒಬ್ಬಳು ತನಗೆ ಸಾಧ್ಯವಿದ್ದಷ್ಟು ಸ್ಪಷ್ಟವಾಗಿ, ಅಷ್ಟು ದೂರ ಬೇಡ ಎಂಬ ಉತ್ತರ ಹೇಳಿದ್ದಳು. ಅದನ್ನು ಕೂಡಿಸಿ ಕಳೆದು ಎರಡು ದಿನ ಎಂದು ಬರೆದುಕೊಂಡಿದ್ದೆ. ನಾಚಿಕೆಯೆಂದರೆ ಏನೆಂದು ನನಗೆ ಆ ಬದುವಿನ ಮೇಲೆ ಗೊತ್ತಾಯಿತು.

ಮಧ್ಯಾಹ್ನ ಪಾಯಸದ ಊಟವಾಯಿತು. ಲಗ್ನ ಯಾವಾಗ ಇಟ್ಟುಕೊಳ್ಳೋಣ ಎಂದು ವೆಂಕಣ್ಣನವರು ನೇರವಾಗಿ ಕೇಳಿದರು. ಅವರು ನನ್ನನ್ನು ನೇರವಾಗಿ ಕೇಳಿದ್ದು ಅದೊಂದೇ ಸಲ. ನಾನು ನೀರು ಕುಡಿದೆ. ಕರುವಿಗೆ ಹುಲ್ಲು ಸಾಕಾಗುತ್ತದೆಯೇ ಎಂದು ವಿಚಾರಿಸಿದೆ. ಕಡೆಗೆ, “ಊರಿಗೆ ಹೋಗಿ ಕಾಗದ ಬರೆಯುತ್ತೇನೆ” ಎಂದೆ.

ವೆಂಕಣ್ಣನವರಿಗೆ ಒಂದು ಅಕ್ಷರ ಬಿಡದೆ ಅರ್ಥವಾಗಿತ್ತು. ದೇವರು ಬಲಕ್ಕೆ ಕೊಟ್ಟಿದ್ದಾನಲ್ಲ, ಅದಕ್ಕೇನು ಮಾಡುವುದು ಎಂದು ನನಗೇ ಚಿಂತೆ. ಅವರು ನನ್ನ ಸಂಕಟ ನೋಡಲಾರದೆ ತಾವೇ ದಾರಿ ಮಾಡಿಕೊಟ್ಟರು.

“ದೇವ್ರು ಸಂಬಂಧ ಒಳ್ಳೇದು ಅಂದಾನೆ ಹೊರ್ತು, ಈಗ್ಲೇ ಮಾಡಿ ಅನ್ಲಿಲ್ಲ ಅಲ್ದಾ” ಎಂದರು. ಆಮೇಲೆ ಒಂದು ಬುಟ್ಟಿ ಮಾವಿನಹಣ್ಣು ತಾವೇ ಹೊತ್ತು ತಂದು ನನ್ನನ್ನು ಅಂಕೋಲೆಯ ಮೋಟಾರಿಗೆ ಹತ್ತಿಸಿದರು. ಆ ಮನುಷ್ಯನ ಮುಖವನ್ನು ನಾನು ನಾಳೆ ನೋಡಬಲ್ಲೆ, ಮುಂದಿನ ವರ್ಷವೂ ನೋಡಬಲ್ಲೆ.

ತುಮಕೂರು

ಬಾಗಿಲಲ್ಲೇ ನಮ್ಮ ತಾಯಿ, ಹೌದೋ ಅಲ್ಲವೋ ಎಂದಳು. ಸ್ನಾನಕ್ಕೆ ನೀರು ಕಾದಿದೆಯೇ ಎಂದು ಕೇಳಿ ನಾನು ಒಳಗೆ ನುಸುಳಿದೆ.

ಹಿತ್ತಲಲ್ಲಿ ಲಲಿತೆ ಬಟ್ಟೆ ಹರವುತ್ತಿದ್ದಳು. ನಾನು ಹೋಗಿ ಬಾವಿಯ ಕಟ್ಟೆಯ ಮೇಲೆ ಕೂತೆ. ಅವಳು ಹಿಂದಿರುಗಿ ನೋಡದೆ, ಅವರಿಗೆ ಏನು ಹೇಳಿ ಬಂದೆ ಎಂದು ಕೇಳಿದಳು.

“ಊರಿಗೆ ಹೋಗಿ ಕಾಗದ ಬರೆಯುತ್ತೇನೆ ಅಂದೆ.”

ಅವಳು ಕೈಯಲ್ಲಿದ್ದ ಸೀರೆಯನ್ನು ಪೂರ್ತಿ ಹರವಿ, ಅಂಚು ಎಳೆದು ಸರಿಮಾಡಿ, ಆಮೇಲೆ ನನ್ನ ಕಡೆ ತಿರುಗಿದಳು.

“ಹಾಗಾದರೆ ಬರೀಬೇಡ ಅಣ್ಣ” ಎಂದಳು.